ವಾಂತಿಗೆ ಮುಂಚಿನ ಮಾತ್ರೆ

ತಮ್ಮ ಮಾತೃಶ್ರೀಯವರಿಗೆ ಕ್ಯಾನ್ಸರ್ ರೋಗದ ನಿಮಿತ್ತ ಕೀಮೋಥೆರಪಿ ನಡೆಯುತ್ತಿರುವುದೆಂದೂ, ವಾಂತಿಯೇ ಆಗದಿರುವಾಗ ವಾಂತಿ ನಿಲ್ಲಿಸುವ ಮಾತ್ರೆಗಳನ್ನು ಏತಕ್ಕೆ ಕೊಡಬೇಕೆಂದೂ ವಾಚಕರೊಬ್ಬರು ಕೇಳಿರುವರು. ನಾವು ವೈದ್ಯರಲ್ಲ, ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದವರು. ಆದರೂ ಈ ಪ್ರಶ್ನೆಯ ಉತ್ತರವನ್ನು ತಕ್ಕ ಬೆಲೆಯನ್ನು ತೆತ್ತು ಕಲಿತಿರುವುದರಿಂದ ಬರೆಯುವ ಧೈರ್ಯ ಮಾಡಿದ್ದೇವೆ.

ನಮ್ಮ ಅಕ್ಕನಿಗೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಏರಿಸಿದರು. 1978ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಈ ಔಷಧವನ್ನು ಮುಂಜಾಗ್ರತೆಯಿಲ್ಲದೆ ಕೊಟ್ಟಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ವಾಂತಿ ತಪ್ಪದು. ಆದುದರಿಂದ ಮೊದಲೇ ಒಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್ ಮೊದಲಾದುವನ್ನು ಕೊಟ್ಟಿದ್ದರು. ಆ ದಿನ ಏನೂ ಆಗಲಿಲ್ಲ. ಮರುದಿನ ಅಕ್ಕ ಮಜ್ಜಿಗೆಯನ್ನವನ್ನುಂಡು, "ನೆಟ್ಟಗಿರುವ ಹೊಟ್ಟೆಗೆ ಮಾತ್ರೆ ಯಾತಕ್ಕಪ್ಪಾ?" ಎಂದಳು. ನಮಗೂ ಹಾಗೆಯೇ ತೋರಿತು. ಬೇಕಾದಾಗ ಒದಗಲೆಂದು ಮಾತ್ರೆಗಳನ್ನು ಗೂಡಿನಲ್ಲಿಟ್ಟೆವು. ಮೂರನೆಯ ದಿನ ಬೆಳಗಿನ ಜಾವ ಆರಂಭವಾದ ವಾಂತಿಯು ದೀಪ ಹಚ್ಚುವ ಹೊತ್ತಾದರೂ ನಿಲ್ಲಲಿಲ್ಲ. ಆಗ ನುಂಗಿಸಿದ ಮಾತ್ರೆಯು ಕುಡಿದ ನೀರಿನೊಡನೆ ಹಾಗೆಯೇ ಹೊರಬಿದ್ದಿತು. ರಾತ್ರಿ ಆಸ್ಪತ್ರೆಯಲ್ಲಿ ಸೂಜಿಮದ್ದನ್ನೂ ಸಲೈನನ್ನೂ ಕೊಡಿಸಬೇಕಾಯಿತು. "ಇನ್ನು ಈ ಮೆಟ್ಟಿಲು ಹತ್ತಿಸಬೇಡ, ರೋಗವೇ ವಾಸಿ" ಎಂದು ಅಕ್ಕ ನಮ್ಮ ಕೈಹಿಡಿದು ಅತ್ತಳು.

ನಮಗೆ ತಿಳಿಯದಿದ್ದುದು ಇಷ್ಟು. ಈ ವಾಂತಿಗೆ ಎರಡು ವೇಳೆಗಳುಂಟು. ಮೊದಲ 24 ಘಂಟೆಗಳಲ್ಲಿ ಔಷಧವು ಕರುಳಿನ ಒಳಪದರವನ್ನು ಕೆಣಕಿ ಸೆರೋಟೋನಿನ್ ಎಂಬ ದ್ರವ್ಯವನ್ನು ಹೊರಡಿಸುತ್ತದೆ. ಅದು ಮಿದುಳಿಗೆ ಹೋಗುವ ನರದ ಬಾಗಿಲನ್ನು ತಟ್ಟುತ್ತದೆ. ಒಂಡಾನ್ಸೆಟ್ರಾನ್ ಮೊದಲೇ ಹೋಗಿ ಆ ಬಾಗಿಲಿಗೆ ಅಗಳಿ ಹಾಕತಕ್ಕದ್ದು; ಕಳ್ಳನು ಒಳಹೊಕ್ಕ ಮೇಲೆ ಅಗಳಿಯಿಂದೇನು? ಎರಡನೆಯ ವೇಳೆಯು ಮರುದಿನದಿಂದ ಐದನೆಯ ದಿನದವರೆಗೆ. ಅದರಲ್ಲಿ ಮಿದುಳಿನಲ್ಲಿರುವ ಸಬ್‌ಸ್ಟೆನ್ಸ್ ಪಿ ಎಂಬ ಬೇರೊಂದು ದ್ರವ್ಯದ ಕೈವಾಡ ಹೆಚ್ಚು. ಅದನ್ನು ತಡೆಯುವ ಅಪ್ರೆಪಿಟೆಂಟ್ 2003ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು. ಹೊಟ್ಟೆ ನೆಟ್ಟಗಿದ್ದ ಆ ಎರಡನೆಯ ದಿನವೇ ನಮ್ಮ ಗೂಡಿನ ಮಾತ್ರೆಗಳಿಗೆ ಕೆಲಸವಿದ್ದಿತು.

ಚೀಟಿಯಲ್ಲಿ ಒಲಾಂಜಪಿನ್ ಎಂದಿದ್ದು, ಅದು ಮನೋರೋಗದ ಮದ್ದೆಂದು ಯಾರಾದರೂ ಹೇಳಿದರೆ ಗಾಬರಿಯಾಗಬಾರದು. ಓಕರಿಕೆಗೂ ಅದು ಬಹಳ ಉಪಕಾರಿ. ನಿದ್ರೆಯ ಮಂಪರನ್ನು ತರುವುದರಿಂದ, ವಯಸ್ಸಾದವರು ರಾತ್ರಿ ಎದ್ದಾಗ ಒಬ್ಬರು ಕೈಹಿಡಿಯಬೇಕು. ಡೆಕ್ಸಾಮೆಥಾಸೋನ್ ರಕ್ತದಲ್ಲಿ ಸಕ್ಕರೆಯನ್ನು ಏರಿಸುವುದಾದುದರಿಂದ ಮಧುಮೇಹವಿದ್ದವರು ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಒಂಡಾನ್ಸೆಟ್ರಾನಿನಿಂದ ಮಲಬದ್ಧತೆ, ತಲೆನೋವು ಉಂಟಾಗಬಹುದು.

ಅಕ್ಕನದು ಇನ್ನೊಂದು ಆಕ್ಷೇಪವಿದ್ದಿತು. ಛರ್ದಿಯ ವೇಗವನ್ನು ತಡೆಯಬಾರದೆಂದು ಚರಕಸಂಹಿತೆಯಲ್ಲಿರುವುದನ್ನು ಹಿಂದೆ ನಾವೇ ಅವಳಿಗೆ ಹೇಳಿದ್ದೆವು. ಅವಳು ಅದನ್ನೇ ನಮಗೆ ಪಾಠ ಒಪ್ಪಿಸಿದಳು. (ಶಿಷ್ಯರಿಗಿಂತ ಒಡಹುಟ್ಟಿದವರ ನೆನಪು ಗಟ್ಟಿ.) ಹೊಟ್ಟೆಯಲ್ಲಿ ಕೆಟ್ಟ ಆಹಾರವಿದ್ದಲ್ಲಿ ಆ ಮಾತು ಸರಿಯೇ. ಆದರೆ ರಕ್ತಕ್ಕೆ ಸೇರಿದ ಔಷಧವು ವಾಂತಿಯಿಂದ ಹೊರಬೀಳದು; ಹೋಗುವುದು ದೇಹದ ನೀರು, ಲವಣಗಳು. ನೀರು ಬತ್ತಿದ ದೇಹದಲ್ಲಿ ಸಿಸ್‌ಪ್ಲಾಟಿನ್ ಮೂತ್ರಪಿಂಡಗಳನ್ನು ಕೆಡಿಸುವ ಭಯ ಹೆಚ್ಚು.

ಹೇಗೋ ಒಪ್ಪಿಸಿ ಎರಡನೆಯ ಸರದಿಗೆ ಕರೆದೊಯ್ದೆವು. ಈ ಬಾರಿ ಮಾತ್ರೆಗಳ ವೇಳೆಯನ್ನು ವೈದ್ಯರಿಂದ ಬರೆಸಿಕೊಂಡು ಪಂಚಾಂಗದ ಮಗ್ಗುಲಲ್ಲಿ ತೂಗುಹಾಕಿದೆವು. ಹೊಟ್ಟೆ ತೊಳಸಿತು, ಒಂದು ಸಲ ವಾಂತಿಯೂ ಆಯಿತು. ಆದರೆ ನಾಲ್ಕನೆಯ ದಿನ ಅಕ್ಕ ತಾನಾಗಿ ತಿಳಿಸಾರು ಕೇಳಿದಳು. ಎಲ್ಲ ಸರದಿಗಳೂ ಮುಗಿದುವು. ಆದರೂ ಕೊನೆಯವರೆಗೆ ಆಸ್ಪತ್ರೆಯ ಬಾಗಿಲ ಬಳಿ ಆ ವಾಸನೆ ಬಡಿದೊಡನೆ ಅವಳಿಗೆ ಓಕರಿಕೆ ಬರುತ್ತಿದ್ದಿತು. ಮೊದಲ ಸರದಿಯಲ್ಲಿ ಬಹಳ ನರಳಿದವರಿಗೆ ಹೀಗಾಗುವುದುಂಟೆಂದು ವೈದ್ಯರೆಂದರು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ನಡೆಯುವಳು. ನಾವು ಚೀಲ ಹಿಡಿದು ಹಿಂದೆ ಹೋಗುವೆವು.