ಚಹಾದ ನೀರಿನ ಹಾಡು, ಲಾರಿ ಇಂಜಿನ್ನಿನ ತೂತು

ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿ ಜಾಡಿಯ ವಿಷಯ ಬರೆದವಳು ಈ ಸಲ ಲಾರಿ ಇಂಜಿನ್ನಿನ ಬಗ್ಗೆ ಬರೆಯುತ್ತಿದ್ದಾಳೆಂದು ನಗಬೇಡಿ. ನಮ್ಮ ಸಂಘದಲ್ಲಿ ಲಾರಿ, ಟಿಪ್ಪರ್ ಇಟ್ಟುಕೊಂಡ ಮನೆಗಳು ಕೆಲವಿವೆ. ಅಪ್ಪನ ಹಳೆಯ ಗಾಡಿಗಳ ಲೆಕ್ಕ ಬರೆಯುವ ಕೆಲಸ ಈಗ ಮಕ್ಕಳ ಕೈಗೆ ಬಂದಿದೆ. ಡೀಸೆಲ್, ಟೈರು, ಟೋಲು ಇವುಗಳ ಲೆಕ್ಕ ನಿಮಗೆ ಬಾಯಿಪಾಠ. ರೇಡಿಯೇಟರಿಗೆ ಯಾವ ನೀರು ಹಾಕುತ್ತಾರೆ ಎಂದು ಕೇಳಿದರೆ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತೀರಿ. ಇಂಜಿನ್ ಸಾಯುವುದು ಎಷ್ಟೋ ಸಲ ಈ ನೀರಿನಿಂದಲೇ.

ಮೊದಲು ಅಡುಗೆಮನೆಗೆ ಬನ್ನಿ. ಚಹಾಕ್ಕೆ ನೀರಿಟ್ಟಾಗ ಕುದಿಯುವ ಮುಂಚೆ 'ಸುಂಯ್' ಎಂಬ ಸದ್ದು ಬರುತ್ತದಲ್ಲ, ಅದನ್ನು ಎಂದಾದರೂ ಗಮನವಿಟ್ಟು ಕೇಳಿದ್ದೀರಾ? ಪಾತ್ರೆಯ ತಳದಲ್ಲಿ ಆವಿಯ ಸಣ್ಣ ಗುಳ್ಳೆಗಳು ಹುಟ್ಟುತ್ತವೆ (ನಿಮ್ಮ ಮರಾಠಿ ಗೆಳೆಯರು ಬುಡಬುಡಾ ಎನ್ನುತ್ತಾರೆ). ಮೇಲಿನ ನೀರು ಇನ್ನೂ ಅಷ್ಟು ಕಾದಿರುವುದಿಲ್ಲ. ಗುಳ್ಳೆ ಅಲ್ಲಿಗೆ ಏರಿದೊಡನೆ ಆವಿ ಮತ್ತೆ ನೀರಾಗಿ, ಗುಳ್ಳೆ ಒಳಕ್ಕೆ ಕುಸಿಯುತ್ತದೆ. ಆ ಸಾವಿರಾರು ಕುಸಿತಗಳ ಸದ್ದೇ ಈ ಹಾಡು. ನೀರೆಲ್ಲ ಚೆನ್ನಾಗಿ ಕಾದ ಮೇಲೆ ಹಾಡು ಅಡಗಿ ಬರೀ ಕೊತಕೊತ ಉಳಿಯುತ್ತದೆ.

ಇದೇ ಕೆಟಲಿನ ಸದ್ದಿನ ವಿವರಣೆಯನ್ನು ಆಸ್ಬೋರ್ನ್ ರೆನಾಲ್ಡ್ಸ್ ಎಂಬವರ ಬರಹದಲ್ಲಿ ಓದಿ, ಅದರ ಲೆಕ್ಕ ಹಾಕುತ್ತ ಕುಳಿತವರು ಲಾರ್ಡ್ ರ‍್ಯಾಲೆ. 1904ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. 1917ರ ಅವರ ಲೇಖನದಲ್ಲಿ ಈ ಕೆಟಲಿನ ಮಾತು ಬರುತ್ತದೆ. (ಇಂಗ್ಲಿಷ್ ಬಿ.ಎ. ಓದಿದವಳಿಗೆ ಆ ಲೇಖನದ ಗಣಿತ ದಕ್ಕಲಿಲ್ಲ, ಆರಂಭದ ಸಾಲುಗಳು ಮಾತ್ರ ಬಹಳ ಹಿಡಿಸಿದವು.) ಗುಳ್ಳೆ ಕುಸಿಯುವ ಆ ಕೊನೆಯ ಕ್ಷಣದಲ್ಲಿ ಒಂದು ಚುಕ್ಕೆಯಷ್ಟು ಜಾಗದಲ್ಲಿ ಭಾರಿ ಒತ್ತಡ ಹುಟ್ಟುತ್ತದೆ ಎಂದು ಅವರ ಲೆಕ್ಕ ತೋರಿಸಿತು. ಹಡಗಿನ ಪ್ರೊಪೆಲ್ಲರಿನ ಗಟ್ಟಿ ಲೋಹವನ್ನು ಕೊರೆದು ಹಾಕುವುದೂ ಇಂಥ ಗುಳ್ಳೆಗಳೇ. ಇದಕ್ಕೆ ಕ್ಯಾವಿಟೇಶನ್ ಎಂದು ಹೆಸರು.

ಈಗ ಲಾರಿಗೆ ಬರೋಣ. ಅನೇಕ ದೊಡ್ಡ ಡೀಸೆಲ್ ಇಂಜಿನ್ನುಗಳಲ್ಲಿ ಪಿಸ್ಟನ್ ಓಡಾಡುವುದು ಲೈನರ್ ಎಂಬ ಕೊಳವೆಯೊಳಗೆ. ಅದರ ಹೊರಮೈಗೆ ತಂಪು ಮಾಡುವ ನೀರು ನೇರವಾಗಿ ತಾಗುತ್ತಿದ್ದರೆ ಅದು ವೆಟ್ ಲೈನರ್. ಅಮೆರಿಕದ ಹೆದ್ದಾರಿಗಳಲ್ಲಿ ದಶಕಗಳ ಕಾಲ ಲಾರಿ ಎಳೆದ ಕಮಿನ್ಸ್ ಎನ್‌ಟಿ-855 ಇಂಜಿನ್ ಇಂಥದ್ದು. 855 ಘನ ಅಂಗುಲ, ಅಂದರೆ 14 ಲೀಟರ್. ಇದರ ಬಳಗದ ಇಂಜಿನ್ನುಗಳು ನಮ್ಮ ಪುಣೆಯಲ್ಲೂ ತಯಾರಾದವು. 1962ರಲ್ಲಿ ಇಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಆರಂಭವಾಗಿತ್ತು. ಆ ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾಯರು 1888ರಲ್ಲಿ ಮೊದಲು ಸೈಕಲ್ ಅಂಗಡಿ ತೆರೆದದ್ದು ನಮ್ಮ ಬೆಳಗಾವಿಯಲ್ಲಿ ಎಂಬುದನ್ನು ಇಲ್ಲಿ ಹೇಳದೆ ಬಿಡಲಾರೆ!

ಪಿಸ್ಟನ್ ಮೇಲಕ್ಕೆ ಬಂದು, ಡೀಸೆಲ್ ಉರಿದು, ಕೆಳಕ್ಕೆ ತಿರುಗುವಾಗ ಅದು ಲೈನರಿನ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಬಡಿಯುತ್ತದೆ. ನಿಮಿಷಕ್ಕೆ 2,000 ಸುತ್ತು ತಿರುಗುವ ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನಲ್ಲೂ ಡೀಸೆಲ್ ಉರಿಯುವುದು ನಿಮಿಷಕ್ಕೆ 1,000 ಸಲ. ಪ್ರತಿ ಸಲವೂ ಲೈನರ್ ಗಂಟೆ ಹೊಡೆದಂತೆ ಅದುರುತ್ತದೆ. ಗೋಡೆ ಸರಕ್ಕನೆ ಹಿಂದೆ ಸರಿದಾಗ ನೀರು ಅಷ್ಟೇ ಬೇಗ ಹಿಂಬಾಲಿಸಲಾರದು. ಆ ಎಡೆಯಲ್ಲಿ ಆವಿಯ ಗುಳ್ಳೆ ಹುಟ್ಟುತ್ತದೆ. ಮರುಕ್ಷಣ ಗೋಡೆ ಮುಂದೆ ಬಂದಾಗ ಅಲ್ಲೇ ಒಡೆಯುತ್ತದೆ. ಕೆಟಲಿನಲ್ಲಿ ಗುಳ್ಳೆ ನೀರಿನ ನಡುವೆ ಕುಸಿದರೆ ಹಾಡು ಮಾತ್ರ ಕೇಳುತ್ತದೆ, ಇಲ್ಲಿ ಲೋಹದ ಮೈಮೇಲೆಯೇ ಕುಸಿಯುವುದರಿಂದ ಉಳಿಯಿಂದ ಕುಟ್ಟಿದ ಹಾಗಾಗುತ್ತದೆ. ಪಿಸ್ಟನ್ ಬಡಿಯುವ ಮಗ್ಗುಲಿನಲ್ಲೇ, ಲೈನರಿನ ಹೊರಮೈಯಲ್ಲಿ, ಮೇಲಿಂದ ಕೆಳಕ್ಕೆ ಸಾಲಾಗಿ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ಒಂದು ದಿನ ಸೂಜಿಮೊನೆಯಷ್ಟು ತೂತು ಆರಪಾರಾಗುತ್ತದೆ.

ಹುಬ್ಬಳ್ಳಿಯಲ್ಲಿ ನಮ್ಮ ಚಿಕ್ಕಪ್ಪನಿಗೆ ಕಲ್ಲಿನ ಗಣಿಗೆ ಓಡುವ ಒಂದೇ ಒಂದು ಹಳೆಯ ಟಿಪ್ಪರ್ ಇತ್ತು. ಎರಡು ತಿಂಗಳಿಂದ ದಿನಾ ಒಂದು ತಂಬಿಗೆ ನೀರು ಕಡಿಮೆಯಾಗುತ್ತಿತ್ತಂತೆ. ಕೆಳಗೆ ಎಲ್ಲೂ ಹನಿ ಬೀಳುತ್ತಿರಲಿಲ್ಲ. "ಬ್ಯಾಸಗಿ ಐತಿ, ಆರಿ ಹೋಗತೈತಿ ಬಿಡ್ರೀ" ಎಂದು ಡ್ರೈವರ್ ಬೋರ್‌ವೆಲ್ಲಿನ ನೀರು ತುಂಬುತ್ತ ಬಂದ. ಒಂದು ಮುಂಜಾನೆ ಸೆಲ್ಫ್ ಹೊಡೆದರೆ ಇಂಜಿನ್ 'ಟಕ್' ಎಂದು ನಿಂತಿತು. ರಾತ್ರಿಯೆಲ್ಲ ಆ ತೂತಿನಿಂದ ಸಿಲಿಂಡರಿನೊಳಗೆ ನೀರು ಸೇರಿತ್ತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು; ಕನೆಕ್ಟಿಂಗ್ ರಾಡ್ ಬಾಗಿಹೋಯಿತು. ಆ ವರ್ಷ ಅವರ ಮಗಳ, ಅಂದರೆ ನನ್ನ ತಂಗಿಯ, ಕಾಲೇಜಿನ ಫೀಗೆ ಎಂದು ಇಟ್ಟಿದ್ದ ಹಣ ಇಂಜಿನ್ ಬಿಚ್ಚಿ ಕೂಡಿಸುವುದಕ್ಕೆ ಹೋಯಿತು. ಅವಳು ಒಂದು ವರ್ಷ ಮನೆಯಲ್ಲಿ ಕುಳಿತಳು. ಅವಳು ಕುಳಿತದ್ದು ಕೂಲಂಟ್ ಡಬ್ಬಿಯ ಉಳಿತಾಯಕ್ಕಾಗಿ ಎಂಬುದು ನನ್ನ ಲೆಕ್ಕ. ಚಿಕ್ಕಪ್ಪ ಇದನ್ನು ಒಪ್ಪುವುದಿಲ್ಲ, ಹಣೆಬರಹ ಎನ್ನುತ್ತಾರೆ.

ಹಾಗಾದರೆ ಏನು ಮಾಡಬೇಕು? ಗುಳ್ಳೆ ಹುಟ್ಟುವುದನ್ನು ಪೂರ್ತಿ ತಡೆಯಲಾಗದು, ಲೈನರಿಗೆ ರಕ್ಷಣೆ ಕೊಡಬಹುದು. ಹಳೆಯ ವೆಟ್ ಲೈನರ್ ಇಂಜಿನ್ನುಗಳಿಗೆ ಹೇಳಿದ ಕೂಲಂಟಿನಲ್ಲಿ ನೈಟ್ರೈಟ್, ಕೆಲವುದರಲ್ಲಿ ಜೊತೆಗೆ ಮಾಲಿಬ್ಡೇಟ್ ಎಂಬ ಲವಣಗಳಿರುತ್ತವೆ. ಅವು ಲೈನರಿನ ಹೊರಮೈಯಲ್ಲಿ ತೆಳುವಾದ ಗಟ್ಟಿ ಪೊರೆ ಕಟ್ಟುತ್ತವೆ. ಗುಳ್ಳೆ ಆ ಪೊರೆಯನ್ನು ಕೆತ್ತುತ್ತದೆ, ಲವಣ ಮತ್ತೆ ಕಟ್ಟುತ್ತದೆ. ಹೀಗೆ ಕಟ್ಟುತ್ತ ಕಟ್ಟುತ್ತ ಲವಣ ಖರ್ಚಾಗುತ್ತದೆ. ಆದ್ದರಿಂದ ಬಣ್ಣ ಹಸಿರಾಗಿಯೇ ಇದೆ ಎಂದು ನಂಬಿ ಕೂರಬಾರದು. ಬಣ್ಣ ಉಳಿದು ಗುಣ ಹೋಗಿರಬಹುದು. ಅದ್ದಿ ನೋಡುವ ಪಟ್ಟಿಗಳು ಸಿಗುತ್ತವೆ, ಆಯಿಲ್ ಬದಲಿಸುವಾಗಲೆಲ್ಲ ಒಮ್ಮೆ ಅದ್ದಿ, ಬಣ್ಣ ಹೋಲಿಸಿ, ಕಡಿಮೆಯಿದ್ದರೆ ಅಷ್ಟೇ ಸೇರಿಸಬೇಕು. ಸಾರಿಗೆ ಉಪ್ಪು ಹಾಕಿದ ಹಾಗೆ. ಹೆಚ್ಚಾದರೆ ಲವಣ ಗಟ್ಟಿಯಾಗಿ ಪೈಪು ಕಟ್ಟುತ್ತದೆ, ವಾಟರ್ ಪಂಪಿನ ಸೀಲ್ ಸೋರುತ್ತದೆ.

ಕಾರಿನ ಕೂಲಂಟ್ ಉಳಿದಿದೆ ಎಂದು ಲಾರಿಗೆ ಸುರಿಯಬೇಡಿ. ಡಬ್ಬಿಯ ಹಿಂದೆ ಎಎಸ್‌ಟಿಎಂ ಡಿ6210 ಎಂದಿದ್ದರೆ ಅದು ಭಾರಿ ಡೀಸೆಲ್ ಇಂಜಿನ್ನುಗಳಿಗೆಂದೇ ಇರುವ ಮಟ್ಟ. ಡಿ3306 ಎಂದಷ್ಟೇ ಇದ್ದರೆ ಅದು ಕಾರುಗಳಂಥ ಹಗುರ ವಾಹನಗಳ ಮಟ್ಟ. ಬೆರೆಸುವ ನೀರು ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರು ಸ್ನಾನದ ಹಂಡೆಯೊಳಗೆ ಬಿಡುವ ಸುಣ್ಣದ ಹಕ್ಕಳೆಯನ್ನು ನಿಮ್ಮ ಅಮ್ಮನನ್ನು ಕೇಳಿ ನೋಡಿ, ಅದೇ ಇಂಜಿನ್ನಿನೊಳಗೂ ಕೂರುತ್ತದೆ.

ರೇಡಿಯೇಟರಿನ ಮುಚ್ಚಳವೂ ಬರೀ ಮುಚ್ಚಳವಲ್ಲ. ಕುಕ್ಕರಿನ ತೂಕ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಒತ್ತಡವಿದ್ದರೆ ನೀರು ಬೇಗ ಕುದಿಯದು, ಗುಳ್ಳೆಯೂ ಸುಲಭವಾಗಿ ಹುಟ್ಟದು. ರಬ್ಬರ್ ಹೋದ ಮುಚ್ಚಳವನ್ನು ತಂತಿ ಕಟ್ಟಿ ನಡೆಸುವವರಿದ್ದಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಇಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ನಮ್ಮ ರಸ್ತೆ ಬದಿಯ ಪದ್ಧತಿ. ಆಗ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಪಿಸ್ಟನ್ ಹಿಗ್ಗದೆ ಸಡಿಲಾಗಿಯೇ ಉಳಿದು ಇನ್ನೂ ಜೋರಾಗಿ ಬಡಿಯುತ್ತದೆ. ಈ ವಿಷಯದಲ್ಲಿ ಮೇಸ್ತ್ರಿಯ ಮಾತು ಕೇಳಬೇಡಿ ಎಂದೇ ನನ್ನ ಸಲಹೆ.

ಅದೇ ಮೇಸ್ತ್ರಿಗಳ ಒಂದು ಒಳ್ಳೆಯ ಜಾಣತನವನ್ನೂ ಹೇಳಬೇಕು. ಇಂಜಿನ್ ಬಿಚ್ಚಿದಾಗ ಕುಳಿಗಳು ಆಳವಾಗಿರದಿದ್ದರೆ, ಅದೇ ಲೈನರನ್ನು 90 ಡಿಗ್ರಿ ತಿರುಗಿಸಿ ಕೂಡಿಸುತ್ತಾರೆ. ಬಡಿತದ ಮಗ್ಗುಲಿಗೆ ಹೊಸ ಮೈ ಬರುತ್ತದೆ. ಲೈನರ್ ಬೇರೆಯಾಗಿಲ್ಲದ ಇಂಜಿನ್ನುಗಳಿಗೆ ಈ ಭಾಗ್ಯವಿಲ್ಲ. 1988ರಿಂದ 1994ರವರೆಗೆ ಅಮೆರಿಕದ ಫೋರ್ಡ್ ಪಿಕಪ್ಪುಗಳಲ್ಲಿ ಬಂದ 7.3 ಲೀಟರಿನ ಐಡಿಐ ಡೀಸೆಲ್ ಇಂಜಿನ್ನಿನಲ್ಲಿ ಸಿಲಿಂಡರಿನ ಗೋಡೆ ಬ್ಲಾಕಿನದೇ ಭಾಗ, ಅದೂ ತೆಳು. ಅದರ ಅಭಿಮಾನಿಗಳು ಕೂಲಂಟಿನ ವಿಷಯದಲ್ಲಿ ನಮ್ಮ ಅತ್ತೆಯವರ ಮಡಿಯಷ್ಟೇ ಕಟ್ಟುನಿಟ್ಟು.

ಹಳೆಯ ಗಾಡಿ ಕೊಳ್ಳಲು ಹೋದರೆ ಬೆಳಿಗ್ಗೆಯೇ ಹೋಗಿ, ಇಂಜಿನ್ ತಣ್ಣಗಿರುವಾಗ. ಆಯಿಲ್ ನೋಡುವ ಕಡ್ಡಿ ಎಳೆದು ನೋಡಿ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನಮಸ್ಕಾರ ಹೇಳಿ ಬನ್ನಿ. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿದ್ದಾಗ ಯಾವ ಕಾರಣಕ್ಕೂ ತೆಗೆಯಬೇಡಿ, ಮುಖವೇ ಬೆಂದುಹೋಗುತ್ತದೆ. ಇನ್ನೊಂದು ಮಾತು, ಇದು ತಾಯಿಯಾಗಿ ಹೇಳುವುದು: ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಹಳೆಯದನ್ನು ಬೋಗುಣಿಗೆ ಇಳಿಸಿ ಅಂಗಳದಲ್ಲಿ ಬಿಟ್ಟರೆ ನಾಯಿ ನೆಕ್ಕುತ್ತದೆ, ಮಕ್ಕಳು ಕೈ ಅದ್ದುತ್ತಾರೆ. ಉಳಿದದ್ದನ್ನು ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಅದರ ಡಬ್ಬಿಯಲ್ಲೇ, ಎತ್ತರದ ಕಪಾಟಿನಲ್ಲಿಡಿ.