ಅಲರ್ಜಿಯ ಪಟ್ಟಿ ನಮ್ಮ ಅಡುಗೆಮನೆ ನೋಡಲಿ

ದಾಳಿಂಬೆ ತಿಂದು ಉಸಿರು ಕಟ್ಟಿತು ಎಂದರೆ ನಂಬುವವರು ಕಡಿಮೆ. ಅಂಥದೊಂದು ಪ್ರಕರಣದ ಬೆನ್ನು ಹತ್ತಿದವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿ ವೈ.ಪಿ. ವೆಂಕಟೇಶ್ ಮತ್ತು ಸಂಗಡಿಗರು. 2002ರಲ್ಲಿ ಅವರು ಪ್ರಕಟಿಸಿದ ಉತ್ತರ ಇನ್ನೂ ಅಚ್ಚರಿಯದು. ಅಲರ್ಜಿ ತಂದದ್ದು ಪ್ರೋಟೀನ್ ಅಲ್ಲ, ಮ್ಯಾನಿಟಾಲ್ ಎಂಬ ಪುಟ್ಟ ಸಕ್ಕರೆ ಆಲ್ಕೊಹಾಲ್. ಅದು ಅಣಬೆಯಲ್ಲೂ ಇದೆ, ಎಷ್ಟೋ ಗುಳಿಗೆಗಳಲ್ಲೂ ಇದೆ. ಆಹಾರದ ಅಲರ್ಜಿಗೆ ಪ್ರೋಟೀನೇ ಕಾರಣ ಎಂಬ ಪಾಠವನ್ನಷ್ಟೇ ನೆಚ್ಚಿಕೊಂಡಿದ್ದರೆ ಇದು ಯಾರ ಕೈಗೂ ಸಿಗುತ್ತಿರಲಿಲ್ಲ.

ಅವರ ತಂಡ ಕೈಗೆತ್ತಿಕೊಂಡ ಇನ್ನೊಂದು ಪ್ರಶ್ನೆ ಬದನೆಕಾಯಿಯದು. ಬದನೆ ನಂಜು, ಗಾಯವಾದಾಗ ತಿನ್ನಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಹಳೆಯದು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕದೆ, ಹಾಗೆಂದು ಕಣ್ಣುಮುಚ್ಚಿ ಒಪ್ಪದೆ, ಮೈಸೂರಿನ 741 ಜನರನ್ನು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಬದನೆಗೆ ಸ್ಪಂದಿಸಿದವರು ಶೇ 9ರಷ್ಟು. ಐಜಿಇ ಪ್ರತಿಕಾಯದಿಂದ ಬರುವ ನಿಜವಾದ ಅಲರ್ಜಿ ಇದ್ದವರು ಶೇ 1ಕ್ಕಿಂತ ಕಡಿಮೆ. ಹೆಂಗಸರಲ್ಲಿ ಪ್ರಮಾಣ ಹೆಚ್ಚು. ಬದನೆಯಲ್ಲಿ ಸಹಜವಾಗಿಯೇ ಇರುವ ಹಿಸ್ಟಮೈನ್‌ನಂಥ ಪದಾರ್ಥಗಳೂ ಮೈ ತುರಿಸಬಲ್ಲವು. ಮುಂದೆ ಇದೇ ತಂಡ ಬದನೆಯ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಮುಖ್ಯ ಅಲರ್ಜಿಕಾರಕವೆಂದು ಗುರುತಿಸಿತು. ಕತ್ತರಿಸಿದ ಹೋಳು ಕಪ್ಪಾಗುವುದು ಈ ಬಗೆಯ ಕಿಣ್ವದಿಂದಲೇ.

ಮೈಸೂರು, ಬೆಂಗಳೂರಿನ ವಯಸ್ಕರ ಬಗ್ಗೆ ವೈದ್ಯ ಪಿ.ಎ. ಮಹೇಶ್ ಮತ್ತಿತರರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸ್ಪಂದನೆಗೂ ನಿಜವಾದ ಅಲರ್ಜಿಗೂ ನಡುವಿನ ಇದೇ ಅಂತರ ಕಾಣುತ್ತದೆ: ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಸೂಕ್ಷ್ಮತೆ ತೋರಿದವರು ಶೇ 26.5, ಅಲರ್ಜಿ ಇರುವ ಸಂಭವ ಉಳ್ಳವರು ಶೇ 1.2. ರಕ್ತದ ವರದಿಯೊಂದನ್ನೇ ನೋಡಿ ಮಗುವಿನ ಹಾಲು, ಗೋಧಿ ನಿಲ್ಲಿಸುವ ತಂದೆತಾಯಂದಿರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು.

ಇಷ್ಟು ಕೆಲಸ ನಮ್ಮ ನೆಲದಲ್ಲೇ ನಡೆದಿದ್ದರೂ ಲೇಬಲ್ಲಿಗೆ ಬಂದಾಗ ನಾವು ಹೊರಗಿನ ಪಟ್ಟಿಗೇ ಜೋತುಬಿದ್ದಿದ್ದೇವೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಲ್ಲಿ ಗ್ಲುಟೆನ್ ಇರುವ ಧಾನ್ಯ, ಸಿಗಡಿ–ಏಡಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ–ಬಾದಾಮಿಯಂಥವು, ಸೋಯಾ, ಸಲ್ಫೈಟ್ ಇವೆ. ಎಳ್ಳು ಇಲ್ಲ, ಸಾಸಿವೆ ಇಲ್ಲ. ಎಳ್ಳು ಬೀರುವ ನಾಡಿನಲ್ಲಿ ಇದು ಸಣ್ಣ ಲೋಪವಲ್ಲ. 2016ರಲ್ಲಿ ನತಾಶಾ ಎಂಬ ಹದಿಹರೆಯದ ಬ್ರಿಟನ್ ಹುಡುಗಿ ಬ್ರೆಡ್ಡಿನ ಹಿಟ್ಟಿನಲ್ಲಿ ಬೆರೆತಿದ್ದ, ಹೊದಿಕೆಯ ಮೇಲೆ ನಮೂದಾಗದ ಎಳ್ಳಿನಿಂದ ಸತ್ತಳು; 2021ರಲ್ಲಿ ಅವಳ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು. ಅಮೆರಿಕ 2023ರಿಂದ ಎಳ್ಳನ್ನು ಕಡ್ಡಾಯ ಪಟ್ಟಿಗೆ ಸೇರಿಸಿದೆ.

ಪಟ್ಟಿ ಉದ್ದವಾದರಷ್ಟೇ ಸಾಲದು, ಪತ್ತೆಯ ವಿಧಾನವೂ ಗಟ್ಟಿಯಾಗಬೇಕು. 2015ರಲ್ಲಿ ಬ್ರಿಟನ್ನಿನಲ್ಲಿ ಜೀರಿಗೆ ಪುಡಿಯಲ್ಲಿ ಬಾದಾಮಿ ಇದೆಯೆಂದು ಸರಕನ್ನು ವಾಪಸ್ ತರಿಸಿದರು. ಪ್ರತಿಕಾಯ ಬಳಸಿ ಪ್ರೋಟೀನನ್ನು ಪತ್ತೆಹಚ್ಚುವ ಎಲೈಸಾ ಪರೀಕ್ಷೆ ಹಿಡಿದದ್ದು ಬಾದಾಮಿಯ ಹತ್ತಿರದ ನೆಂಟ ಮಹಲೆಬ್ ಎಂಬ ಚೆರ್ರಿ ಜಾತಿಯ ಬೀಜವನ್ನು ಎಂದು ಮುಂದೆ ಗೊತ್ತಾಯಿತು. ಹುರಿದು, ಕರಿದಾಗ ಪ್ರೋಟೀನಿನ ಆಕಾರ ಬದಲಾಗಿ ಪರೀಕ್ಷೆಯ ಕಣ್ಣಿಗೆ ಬೀಳದೆಯೂ ಹೋಗಬಹುದು. ಶೇಂಗಾ ಹುರಿದು ಪುಡಿ ಮಾಡುವ, ಕಡಲೆಹಿಟ್ಟಿನಲ್ಲಿ ಬಜ್ಜಿ ಕರಿಯುವ ನಮಗೆ ನಮ್ಮ ಅಡುಗೆಯ ಮೇಲೇ ಒರೆಹಚ್ಚಿದ ಪರೀಕ್ಷೆಗಳು ಬೇಕು. ಅದನ್ನು ರೂಪಿಸುವ ವಿದ್ಯೆ ಮೈಸೂರಿನಲ್ಲಿದೆ. ಕೊರತೆಯಿರುವುದು ಹಣದ್ದು, ಆಸಕ್ತಿಯದ್ದು.

ಪ್ರಾಧಿಕಾರ ಮುಂದಿನ ತಿದ್ದುಪಡಿಯಲ್ಲೇ ಎಳ್ಳನ್ನು ಅಲರ್ಜಿ ಎಚ್ಚರಿಕೆಯ ಪಟ್ಟಿಗೆ ಸೇರಿಸಲಿ. ಸಾಸಿವೆ, ಕಡಲೆ, ಬದನೆಯ ಬಗ್ಗೆ ದೇಶದ ಬೇರೆಬೇರೆ ಊರುಗಳಲ್ಲಿ ಮೈಸೂರಿನ ಮಾದರಿಯ ಅಧ್ಯಯನಕ್ಕೆ ಸರ್ಕಾರ ಹಣ ಕೊಡಲಿ.