ಓದುವ ಮೇಜಿನ ಮೇಲೊಂದು ಪಿರಮಿಡ್ಡು

ಯಲಹಂಕ ಉಪನಗರದ ಪರಿಚಿತರೊಬ್ಬರು ಮೊನ್ನೆ ಸಂಜೆ ಕೈಯಲ್ಲೊಂದು ಪೊಟ್ಟಣ ಹಿಡಿದು ಬಂದರು. ಬಿಚ್ಚಿದರೆ ಅಂಗೈಯಗಲದ ತಾಮ್ರದ ಪಿರಮಿಡ್ಡು. ನಾಲ್ಕು ಮುಖಗಳ ಮೇಲೂ ಒಂದೊಂದು ಕಣ್ಣಿನ ಚಿತ್ರ. ಮಗ ಈ ಸಲ ಎಸ್ಸೆಸ್ಸೆಲ್ಸಿ. "ಉತ್ತರ ದಿಕ್ಕಿಗೆ ಸರಿಯಾಗಿ ಇವನ ಮೇಜಿನ ಮೇಲಿಟ್ಟರೆ ಓದಿದ್ದು ಮರೆಯೋದಿಲ್ಲವಂತೆ. ಈಜಿಪ್ಟಿನವರ ವಿದ್ಯೆಯಂತೆ. ಇಡಬಹುದಾ ಸಾರ್?" ಎಂದರು. ಹುಡುಗ ಅಪ್ಪನ ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದ. ಅಪ್ಪ ನಗುತ್ತಿರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಹೆತ್ತವರ ಮನಸ್ಸು ಏನನ್ನಾದರೂ ಹಿಡಿದುಕೊಳ್ಳಲು ತಡಕಾಡುತ್ತದೆ. ಅದನ್ನು ಗೇಲಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಪ್ರಶ್ನೆಗೆ ಉತ್ತರ ಹುಡುಕುವುದೇ ಮೇಲು. ಈಜಿಪ್ಟಿನವರು ನಿಜವಾಗಿ ಏನು ನಂಬಿದ್ದರು?

ಮೊದಲು ಆ ಕಣ್ಣು. ಅದು ಗಿಡುಗನ ಮೊಗದ ದೇವತೆ ಹೋರಸನ ಕಣ್ಣು. ಸೇಥನೊಡನೆ ಕಾದಾಡುವಾಗ ಅದಕ್ಕೆ ಏಟು ಬಿತ್ತು. ವಿದ್ಯಾದೇವತೆ ಥೋಥ್ ಅದನ್ನು ಸರಿಪಡಿಸಿದ ಎಂಬುದು ಕಥೆ. ಅದರ ಹಳೆಯ ಹೆಸರಿನ ಅರ್ಥವೇ 'ಊನವಿಲ್ಲದ್ದು'. ಬದುಕಿದ್ದವರು ರಕ್ಷೆಯಾಗಿ ಕಟ್ಟಿಕೊಳ್ಳುತ್ತಿದ್ದರು, ಸತ್ತವರ ಮೈಮೇಲೂ ಇಡುತ್ತಿದ್ದರು. ಇನ್ನು ಪಿರಮಿಡ್ಡು ದೊರೆಯ ಗೋರಿ. ಗೀಝಾದಲ್ಲಿ ಖುಫು ದೊರೆಯದು ಸುಮಾರು 4,500 ವರ್ಷ ಹಿಂದಿನದು. ಕಟ್ಟಿದಾಗ ಎತ್ತರ 146 ಮೀಟರ್. ಅದರೊಳಗೆ ಕೂತು ಯಾರೂ ಪಾಠ ಓದಲಿಲ್ಲ.

ಇನ್ನೂ ಒಂದು ತಮಾಷೆಯಿದೆ. ಬುದ್ಧಿ, ನೆನಪು ಎಲ್ಲವೂ ಇರುವುದು ಹೃದಯದಲ್ಲಿ ಎಂದು ಅವರು ತಿಳಿದಿದ್ದರು. ಹೆಣವನ್ನು ಮಮ್ಮಿ ಮಾಡುವಾಗ ಹೃದಯವನ್ನು ಜೋಪಾನವಾಗಿ ಉಳಿಸಿ, ಮೆದುಳನ್ನು ಮೂಗಿನ ಮೂಲಕ ಹೊರತೆಗೆದು ಎಸೆಯುತ್ತಿದ್ದರು! ಜ್ಞಾಪಕಶಕ್ತಿಗಾಗಿ ಅವರ ಮೊರೆ ಹೋಗುವ ಮುನ್ನ ಇದು ನೆನಪಿರಲಿ.

ಹಾಗೆಂದು ಅವರಿಗೆ ಪರೀಕ್ಷೆಯ ಭಯ ಗೊತ್ತಿರಲಿಲ್ಲವೆಂದಲ್ಲ. ಸತ್ತ ಮೇಲೆ ಒಸಿರಿಸನ ಮುಂದೆ ಪ್ರತಿಯೊಬ್ಬನಿಗೂ ಒಂದು ಪರೀಕ್ಷೆಯಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ಅವನ ಹೃದಯ, ಇನ್ನೊಂದರಲ್ಲಿ ಸತ್ಯ ಮತ್ತು ನ್ಯಾಯದ ದೇವತೆ ಮಾತ್‌ಳ ಒಂದು ಗರಿ. ನರಿಮೊಗದ ಅನುಬಿಸ್ ತೂಗುವವನು, ಥೋಥ್ ಅಂಕ ಬರೆದುಕೊಳ್ಳುವವನು. ಕದ್ದಿಲ್ಲ, ಕೊಂದಿಲ್ಲ, ಅಳತೆಯಲ್ಲಿ ಮೋಸ ಮಾಡಿಲ್ಲ ಎಂದು 42 ದೇವತೆಗಳ ಮುಂದೆ ಹೇಳಬೇಕಿತ್ತು. ತೂಕದಲ್ಲಿ ಸೋತ ಹೃದಯವನ್ನು ನುಂಗಲು ಮೊಸಳೆ ಮೂತಿಯ ಅಮ್ಮಿತ್ ಬಾಯಿ ತೆರೆದು ಕಾದಿರುತ್ತಿತ್ತು.

ಈ ಪರೀಕ್ಷೆಗೂ ಅವರೊಂದು ಒಳದಾರಿ ಕಂಡುಕೊಂಡಿದ್ದರು. ಸಗಣಿ ಉಂಡೆ ಉರುಳಿಸುವ ದುಂಬಿಯ ಆಕಾರದಲ್ಲಿ ಕಲ್ಲಿನ ತಾಯಿತ ಕೆತ್ತಿ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಎಂದು ಹೃದಯವನ್ನೇ ಬೇಡುವ ಮಂತ್ರ ಬರೆದು, ಹೆಣದ ಎದೆಯ ಮೇಲಿಡುತ್ತಿದ್ದರು. ಪರೀಕ್ಷೆಗೆ ತಾಯಿತ ಕಟ್ಟುವ ಆಸೆ ಇಂದು ನಿನ್ನೆಯದಲ್ಲ.

ಹಾಗಾದರೆ ನೈಲ್ ನದಿಯ ದಡದ ಗೋರಿ ಯಲಹಂಕದ ಮೇಜಿಗೆ ಬಂದದ್ದು ಹೇಗೆ? ಈಜಿಪ್ಟಿನ ಚಿತ್ರಲಿಪಿಯನ್ನು ಓದುವವರೇ ಇಲ್ಲದಂತಾದಾಗ ಯುರೋಪಿನ ಪಂಡಿತರು ಪ್ರತಿ ಚಿತ್ರವೂ ಗೂಢ ತತ್ತ್ವವೆಂದು ಊಹಿಸಿದರು. 1799ರಲ್ಲಿ ಸಿಕ್ಕ ರೊಸೆಟ್ಟಾ ಕಲ್ಲಿನ ನೆರವಿನಿಂದ ಶಾಂಪೋಲಿಯನ್ 1822ರಲ್ಲಿ ಲಿಪಿಯ ಗುಟ್ಟು ಬಿಡಿಸಿದಾಗ ಬಹಳಷ್ಟು ಚಿತ್ರಗಳು ನಮ್ಮ ಅ, ಕ, ಮ ಇದ್ದ ಹಾಗೆ ಬರೀ ಧ್ವನಿಗಳೆಂದು ತಿಳಿಯಿತು. ಓದು ಬಂದರೆ ಕಲ್ಲು ಮಾತಾಡುತ್ತದೆ. ನಮ್ಮ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ವೀರಗಲ್ಲೂ ಅಷ್ಟೇ. ಅಕ್ಷರ ಓದಿದ ಮೇಲಷ್ಟೇ ಅದು ಕಾದಿ ಮಡಿದ ಕಿತ್ತಯ್ಯನ ಕಲ್ಲಾಯಿತು.

ಓದು ಬಂದರೂ ಹಳೆಯ ಊಹೆಗಳು ಸಾಯಲಿಲ್ಲ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ಆಮೇಲೆ ಮದರಾಸಿನ ಅಡ್ಯಾರಿಗೆ ಬಂದ ಥಿಯಾಸಫಿಕಲ್ ಸೊಸೈಟಿಯ ಲಾಂಛನದಲ್ಲಿ ನಮ್ಮ ಓಂಕಾರ, ಸ್ವಸ್ತಿಕಗಳ ಜೊತೆ ಈಜಿಪ್ಟಿನ 'ಅಂಖ್', ಅಂದರೆ ಜೀವದ ಗುರುತೂ ಇದೆ. ಪಿರಮಿಡ್ಡಿನ 'ಶಕ್ತಿ'ಯ ಮಾತು ಇನ್ನೂ ಈಚಿನದು. ಕಾರೆಲ್ ದರ್ಬಾಲ್ ಎಂಬ ಝೆಕ್ ಎಂಜಿನಿಯರ್, ರಟ್ಟಿನ ಪಿರಮಿಡ್ಡಿನೊಳಗೆ ಇಟ್ಟ ಕ್ಷೌರದ ಬ್ಲೇಡು ಮೊಂಡಾಗುವುದಿಲ್ಲವೆಂದು 1959ರಲ್ಲಿ ಪೇಟೆಂಟ್ ಪಡೆದ. 1970ರ ದಶಕದಲ್ಲಿ ಅಮೆರಿಕದ ಪುಸ್ತಕಗಳು ಅದನ್ನು ಲೋಕಕ್ಕೆಲ್ಲ ಹಬ್ಬಿಸಿದವು. ಅಂದರೆ ಈ 'ಪುರಾತನ ವಿದ್ಯೆ'ಗೆ ನಮ್ಮ ಅಜ್ಜಿಯರಷ್ಟೂ ವಯಸ್ಸಾಗಿಲ್ಲ!

ಸುಭಾಷ್ ಪತ್ರಿಯವರು 1990ರಲ್ಲಿ ಕರ್ನೂಲಿನಲ್ಲಿ ಪಿರಮಿಡ್ ಧ್ಯಾನದ ಚಳವಳಿ ಆರಂಭಿಸಿದರು. ನಮ್ಮೂರಿನ ಇನ್ನೊಂದು ತುದಿಯ ಕನಕಪುರ ರಸ್ತೆಯಲ್ಲಿ ಆ ಚಳವಳಿಯವರು ಕಟ್ಟಿದ ಪಿರಮಿಡ್ ವ್ಯಾಲಿಗೆ ಅನೇಕರು ಹೋಗಿ ಬಂದಿರಬಹುದು. ಅಲ್ಲಿನ ಧ್ಯಾನಮಂದಿರದ ತಳ 160 ಅಡಿ, ಎತ್ತರ ಸುಮಾರು 102 ಅಡಿ. ಲೆಕ್ಕ ಹಾಕಿ ನೋಡಿ. ಇಳಿಜಾರಿನ ಕೋನ ಸುಮಾರು 52 ಡಿಗ್ರಿ, ಗೀಝಾದ್ದೇ ಅಳತೆ. ಅಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತವರಿಗೆ ಮನಸ್ಸು ತಿಳಿಯಾಗಿದ್ದರೆ ಅಲ್ಲಗಳೆಯಬೇಕಿಲ್ಲ. ಆದರೆ ಅದು ಕೂತದ್ದರ ಫಲವೋ, ಸೂರಿನ ಆಕಾರದ ಫಲವೋ? ಹಾಗೆ ಕೇಳಬೇಕು ಎಂದವರು ನಮ್ಮ ಎಚ್. ನರಸಿಂಹಯ್ಯನವರು. ಯಲಹಂಕದಿಂದ ದೊಡ್ಡಬಳ್ಳಾಪುರ ದಾಟಿದರೆ ಸಿಗುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೇ ಒಂದು ಸಮಿತಿ ರಚಿಸಿದರು.

ಆ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಹುಡುಗನಿಗೆ ಹೇಳಿದೆ: ತಳ 16, ಎತ್ತರ 13 ಸೆಂಟಿಮೀಟರಿನ ನಾಲ್ಕು ತ್ರಿಕೋನಗಳನ್ನು ರಟ್ಟಿನಲ್ಲಿ ಕತ್ತರಿಸಿ ಅಂಟಿಸು, ಗೀಝಾದ ಕೋನದ ಪಿರಮಿಡ್ಡಾಗುತ್ತದೆ. ಅದೇ ರಟ್ಟಿನಲ್ಲಿ ಒಂಬತ್ತೂವರೆ ಸೆಂಟಿಮೀಟರಿನ ಚೌಕ ಡಬ್ಬಿಯನ್ನೂ ಮಾಡು. ಎರಡರ ಗಾತ್ರವೂ ಹೆಚ್ಚುಕಡಿಮೆ ಒಂದೇ. ಏಕೆಂದು ನೀನೇ ಲೆಕ್ಕ ಹಾಕಿ ನೋಡು. ಒಂದೇ ಹೊತ್ತು ನೆನೆಸಿದ ಐವತ್ತೈವತ್ತು ಹೆಸರುಕಾಳನ್ನು ಎರಡು ತಟ್ಟೆಗೆ ಹಾಕಿ ಒಂದೊಂದನ್ನು ಮುಚ್ಚು. ಎಷ್ಟು ಮೊಳೆತವು ಎಂದು ಅಮ್ಮ ಎಣಿಸಲಿ. ಯಾವ ತಟ್ಟೆ ಯಾವುದರ ಕೆಳಗಿತ್ತೆಂದು ಅವರಿಗೆ ಗೊತ್ತಿರಬಾರದು. ಮೂರು ಸಲ ಮಾಡು. ಜಿಕೆವಿಕೆಯ ಕೃಷಿಮೇಳದಲ್ಲಿ ತಳಿಗಳನ್ನು ಅಕ್ಕಪಕ್ಕದಲ್ಲೇ ಬೆಳೆದು ತೋರಿಸುವುದೂ ಇದಕ್ಕೇ: ಹೋಲಿಕೆಯಿಲ್ಲದೆ ಹೊಗಳಿಕೆಗೆ ಬೆಲೆಯಿಲ್ಲ.

ಅಪ್ಪನಿಗೆ ಹೇಳಿದ್ದು ಬೇರೆ. ಪಿರಮಿಡ್ಡನ್ನು ಮೇಜಿನ ಮೇಲಿಡಿ, ಹಾಳೆ ಹಾರದಂತೆ ಭಾರಕ್ಕಾಗುತ್ತದೆ. ಆದರೆ ನೆನಪಿನ ಶಕ್ತಿ ಅದರಲ್ಲಿದೆ ಎಂದು ಮಗನಿಗೆ ಹೇಳಬೇಡಿ. ಅಂಕ ಬಂದರೆ ಕೀರ್ತಿ ತಾಮ್ರಕ್ಕೆ ಹೋಗುತ್ತದೆ. ಬರದಿದ್ದರೆ ನಿನಗೆ ನಂಬಿಕೆ ಸಾಲದು ಎಂದು ದೋಷ ಹುಡುಗನ ತಲೆಗೆ ಬರುತ್ತದೆ. ಎರಡರಲ್ಲೂ ಸೋಲುವವನು ಅವನೇ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನು ಏನು ಮಾಡ್ಲಿ ಸಾರ್?" ಎಂದರು. ರಾತ್ರಿ ಅರ್ಧ ಗಂಟೆ ಟೀವಿ ಆರಿಸಿ, ಫೋನು ಬದಿಗಿಟ್ಟು ಅವನ ಪಕ್ಕ ಕುಳಿತುಕೊಳ್ಳಿ ಎಂದೆ. ಹುಡುಗ ಈ ಸಲ ನಗಲಿಲ್ಲ, ಅಪ್ಪನ ಮುಖ ನೋಡಿದ. ಹೊರಡುವಾಗ ಪೊಟ್ಟಣ ಅವನ ಕೈಯಲ್ಲಿತ್ತು. "ಮನೇಲಿ ಹೆಸರುಕಾಳು ಇದೆಯಾ ಅಪ್ಪಾ?" ಎಂದು ಕೇಳುತ್ತ ಮೆಟ್ಟಿಲಿಳಿದ.